ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ ಲೆಕ್ಕದ ದಾರಿ

ಹಾಸನಕ್ಕೆ ಬೀದರ್ ಹತ್ತಿರವೋ, ಲಕ್ಷದ್ವೀಪದ ಅಗತ್ತಿ ಹತ್ತಿರವೋ? ಯಾರನ್ನು ಕೇಳಿದರೂ ಬೀದರ್ ಅಂತಲೇ ಹೇಳುತ್ತಾರೆ. ನಕ್ಷೆ ತೆಗೆದು ನೇರ ಗೆರೆ ಎಳೆದು ನೋಡಿ. ಬೀದರಿಗೆ ಸುಮಾರು 565 ಕಿ.ಮೀ., ಅಗತ್ತಿಗೆ ಸುಮಾರು 490 ಕಿ.ಮೀ. ಅಗತ್ತಿಯೇ ಹತ್ತಿರ. ಆದರೆ ಬೀದರಿಗೆ ಇವತ್ತೇ ಮನಸ್ಸು ಮಾಡಿ ಬಸ್ಸು ಹತ್ತಬಹುದು. ಅಗತ್ತಿಗೆ ಹಾಗೆ ಆಗುವುದಿಲ್ಲ. ದ್ವೀಪದ ಪ್ರಯಾಣದಲ್ಲಿ ಕಿಲೋಮೀಟರ್ ಒಂದು ಮಾತು ಹೇಳುತ್ತದೆ, ಗಡಿಯಾರ ಇನ್ನೊಂದು ಹೇಳುತ್ತದೆ.

ಲಕ್ಷದ್ವೀಪ, ಅಂಡಮಾನ್ ಎರಡನ್ನೂ ಒಂದೇ ರಜೆಯಲ್ಲಿ ಮುಗಿಸಬೇಕು ಅನ್ನುವವರು ನಮ್ಮ ಕಡೆ ಈಗ ಜಾಸ್ತಿ. ಅವರು ಮೊದಲು ಮಾಡುವ ಕೆಲಸ, ಫೋನಿನಲ್ಲಿ ಎರಡು ವಿಮಾನ ನಿಲ್ದಾಣದ ಹೆಸರು ಹಾಕಿ ದೂರ ಹುಡುಕುವುದು. 2,243 ಕಿ.ಮೀ., ಮೂರೂಕಾಲು ಗಂಟೆ, ಇಂಥದ್ದೊಂದು ಉತ್ತರ ಬರುತ್ತದೆ. ದೂರ ಸರಿ. ಆ ಮೂರೂಕಾಲು ಗಂಟೆಯನ್ನು ಮಾತ್ರ ನಂಬಿ ಹೋಟೆಲ್ ಬುಕ್ ಮಾಡಬೇಡಿ. ಅದು ಎಲ್ಲಿಂದ ಬಂತು, ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಒಂದು ಪೆನ್ನು, ಒಂದು ಹಾಳೆ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಹೆಜ್ಜೆ 1: ನಿಲ್ದಾಣವನ್ನು ಸರಿಯಾಗಿ ಹಿಡಿಯಿರಿ

ಹೆಸರಿಗಿಂತ ಮೂರಕ್ಷರದ ಕೋಡ್ ಮೇಲು. ಅಗತ್ತಿಯ ಕೋಡ್ ಎಜಿಎಕ್ಸ್. ಪೋರ್ಟ್ ಬ್ಲೇರ್‌ನದು ಐಎಕ್ಸ್‌ಝಡ್. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಅಂತ ಹೊಸ ಹೆಸರು ಬಂದಿದೆ. ಹಾಗಾಗಿ ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸ ಹೆಸರು ಕಾಣುತ್ತದೆ. ಕೋಡ್ ಹಾಕಿ ಹುಡುಕಿದರೆ ಈ ಗೊಂದಲ ಇಲ್ಲ. ಅಗತ್ತಿಗೆ ಇನ್ನೊಂದು ತೊಡಕಿದೆ. ಮೊದಲ ಮೂರು ಅಕ್ಷರ ಒತ್ತಿದ ಕೂಡಲೇ ತ್ರಿಪುರಾದ ಅಗರ್ತಲಾ ಮೇಲೆ ಬಂದು ಕೂತಿರುತ್ತದೆ. ಅವಸರದಲ್ಲಿ ಅದನ್ನೇ ಒತ್ತಿದರೆ ಪಶ್ಚಿಮದ ಸಮುದ್ರಕ್ಕೆ ಹೋಗಬೇಕಾದವರ ಟಿಕೆಟ್ ಈಶಾನ್ಯದ ಮೂಲೆಗೆ ತಿರುಗುತ್ತದೆ.

ಆಮೇಲೆ ಗೂಗಲ್ ಮ್ಯಾಪಿನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಅಗತ್ತಿ 10.82, 72.18. ಪೋರ್ಟ್ ಬ್ಲೇರ್ 11.64, 92.73. ಇವನ್ನು ಹಾಳೆಯ ಮೇಲೆ ಬರೆದುಕೊಳ್ಳಿ.

ಹೆಜ್ಜೆ 2: ದೂರ

ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಇದು ಎಲ್ಲಿ ಅಳೆದರೂ ಹೆಚ್ಚು ಕಡಿಮೆ ಅಷ್ಟೇ. ಪೂರ್ವ ಪಶ್ಚಿಮಕ್ಕೆ ಹಾಗಲ್ಲ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿಗೆ 111.3 ಕಿ.ಮೀ. ಇರುತ್ತದೆ, ಧ್ರುವದ ಕಡೆ ಹೋದ ಹಾಗೆ ಕಮ್ಮಿಯಾಗುತ್ತದೆ. ಎಷ್ಟು ಕಮ್ಮಿ ಅನ್ನುವುದನ್ನು ಆ ಅಕ್ಷಾಂಶದ ಕೊಸೈನ್ ಹೇಳುತ್ತದೆ. ಗಾಬರಿ ಬೇಡ. ನಮ್ಮ ದ್ವೀಪಗಳೆರಡೂ 11 ಡಿಗ್ರಿಯ ಆಸುಪಾಸಿನಲ್ಲಿವೆ. ಅಲ್ಲಿ 0.98ರಿಂದ ಗುಣಿಸಿದರೆ ಆಯಿತು.

ಈಗ ಲೆಕ್ಕ. ರೇಖಾಂಶದ ವ್ಯತ್ಯಾಸ 92.73ರಲ್ಲಿ 72.18 ಕಳೆದರೆ 20.55. ಅದನ್ನು 111.3ರಿಂದ ಗುಣಿಸಿ, ಮತ್ತೆ 0.98ರಿಂದ ಗುಣಿಸಿ. 2,241 ಕಿ.ಮೀ. ಬರುತ್ತದೆ. ಅಕ್ಷಾಂಶದ ವ್ಯತ್ಯಾಸ 0.82. ಅದಕ್ಕೆ 111 ಗುಣಿಸಿದರೆ 91 ಕಿ.ಮೀ. ಒಂದು ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ, ನಡುವೆ ಲಂಬಕೋನ. ಹೈಸ್ಕೂಲಿನ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರುತ್ತಾನೆ. ಎರಡರ ವರ್ಗ ಕೂಡಿ ವರ್ಗಮೂಲ ತೆಗೆಯಿರಿ. 2,243 ಕಿ.ಮೀ. ಭೂಮಿ ದುಂಡಗಿದೆ ಅಂತ ಲೆಕ್ಕ ಹಾಕುವ ದೊಡ್ಡ ಸೂತ್ರದಲ್ಲೂ ಇಷ್ಟೇ ಬರುತ್ತದೆ. ವಿಮಾನದವರು ನಾಟಿಕಲ್ ಮೈಲಿನಲ್ಲಿ ಮಾತಾಡುತ್ತಾರೆ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ಹಾಗೆ ನೋಡಿದರೆ ಇದು 1,211 ನಾಟಿಕಲ್ ಮೈಲು.

ಒಂದು ಎಚ್ಚರ. ಈ ಚಪ್ಪಟೆ ಲೆಕ್ಕ ನಮ್ಮ ದಕ್ಷಿಣದ ಕಡೆಗೆ, ಒಂದೆರಡು ಸಾವಿರ ಕಿಲೋಮೀಟರಿಗೆ ಚೆನ್ನಾಗಿ ಹೊಂದುತ್ತದೆ. ದೆಹಲಿಯಿಂದ ನ್ಯೂಯಾರ್ಕಿಗೆ ಇದೇ ಲೆಕ್ಕ ಹಾಕಬೇಡಿ, ತುಂಬಾ ತಪ್ಪುತ್ತದೆ. ಲೆಕ್ಕವೇ ಬೇಡ ಅನ್ನುವವರು ಗೂಗಲ್ ಮ್ಯಾಪಿನಲ್ಲಿ ದೂರ ಅಳೆಯುವ ಆಯ್ಕೆ ಬಳಸಬಹುದು. ಆದರೂ ಒಮ್ಮೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಯಿಂದ ಮಾಡಿ ಅಂತ ನಾನು ಹೇಳುತ್ತೇನೆ. ಪರೀಕ್ಷೆಗೆ ಉರು ಹೊಡೆದ ಕೊಸೈನ್ ಎಲ್ಲಿ ಬೇಕಾಗುತ್ತದೆ ಅಂತ ಅವರಿಗೆ ಅವತ್ತು ಗೊತ್ತಾಗುತ್ತದೆ.

ಹೆಜ್ಜೆ 3: ಹಾರಾಟದ ಹೊತ್ತು

ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 820 ಕಿ.ಮೀ. ವೇಗದಲ್ಲಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಎರಡು ರೆಕ್ಕೆಗೂ ಒಂದೊಂದು ಪಂಖ ಇರುವ ಎಟಿಆರ್ ವಿಮಾನಕ್ಕೆ ಸುಮಾರು 490. ದೂರವನ್ನು ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವ ಮೊದಲು ಸುತ್ತುವುದು, ಎಲ್ಲಾ ಆ ಅರ್ಧ ಗಂಟೆಯಲ್ಲಿ ಬರುತ್ತದೆ.

ಈ ಸೂತ್ರ ನಂಬಬಹುದಾ ಅಂತ ಗೊತ್ತಿರುವ ದಾರಿಯಲ್ಲಿ ಪರೀಕ್ಷೆ ಮಾಡಿ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1,640 ಕಿ.ಮೀ. ಎರಡು ಗಂಟೆ, ಮೇಲೆ ಅರ್ಧ. ವೇಳಾಪಟ್ಟಿಯಲ್ಲೂ ಎರಡೂವರೆಯಿಂದ ಎರಡೂಮುಕ್ಕಾಲು ಗಂಟೆಯ ಹತ್ತಿರವೇ ಇರುತ್ತದೆ. ಕೊಚ್ಚಿಯಿಂದ ಅಗತ್ತಿಗೆ ಸುಮಾರು 470 ಕಿ.ಮೀ. ಎಟಿಆರ್‌ನಲ್ಲಿ ಒಂದೂವರೆ ಗಂಟೆಯ ಒಳಗೆ. ಸೂತ್ರ ಹಿಡಿಯಿತು. ಗಾಳಿಯಿಂದ ಆಗುವ ವ್ಯತ್ಯಾಸ ಈ ದೂರಕ್ಕೆ ದೊಡ್ಡದಲ್ಲ. ಎದುರು ಗಾಳಿ ಗಂಟೆಗೆ 40 ಕಿ.ಮೀ. ಇದ್ದರೂ ಬೆಂಗಳೂರು ಪೋರ್ಟ್ ಬ್ಲೇರ್ ನಡುವೆ ಆರೇಳು ನಿಮಿಷ ಹೆಚ್ಚಾಗುತ್ತದೆ, ಅಷ್ಟೇ.

ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಇದೇ ಸೂತ್ರ ಹಾಕಿದರೆ ಜೆಟ್ಟಿನಲ್ಲಿ ಮೂರೂಕಾಲು ಗಂಟೆ. ಫೋನ್ ಹೇಳಿದ ಉತ್ತರ ಹುಟ್ಟಿದ್ದು ಇಲ್ಲಿ.

ಹೆಜ್ಜೆ 4: ಆ ವಿಮಾನ ಇದೆಯಾ?

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದೇ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಫೋನ್ ಹಿಡಿದು ಬಂದಿದ್ದರು.

"ನೋಡಮ್ಮ, ಮೂರೂಕಾಲು ಗಂಟೆ ಅಂತಿದೆ. ಬೆಳಗ್ಗೆ ಅಗತ್ತಿಯಲ್ಲಿ ತಿಂಡಿ, ಮಧ್ಯಾಹ್ನ ಅಂಡಮಾನಲ್ಲಿ ಊಟ. ಆಗಲ್ವಾ?"

"ಮೇಷ್ಟ್ರೇ, ಯಾವ ಕಂಪನಿ ವಿಮಾನ ಅಂತ ಬರೆದಿದಾರಾ ನೋಡಿ."

ಅವರು ಕನ್ನಡಕ ಸರಿ ಮಾಡಿಕೊಂಡು ಕೆಳಗಿನವರೆಗೂ ನೋಡಿದರು. ಕಂಪನಿಯ ಹೆಸರಿಲ್ಲ, ವಿಮಾನದ ನಂಬರಿಲ್ಲ, ಹೊರಡುವ ಸಮಯವಿಲ್ಲ.

ಇರುವುದಿಲ್ಲ, ಯಾಕೆಂದರೆ ಅಂಥ ವಿಮಾನವೇ ಇಲ್ಲ. ಕಾರಣ ನೆಲದ ಮೇಲಿದೆ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಉದ್ದ. ಮಂಗಳೂರಿನ ಬಜ್ಪೆಯಲ್ಲಿ 2,450 ಮೀಟರ್ ಇದೆ, ಅಂದರೆ ಅದರ ಅರ್ಧ. ಪೋರ್ಟ್ ಬ್ಲೇರ್‌ನದು 3 ಕಿಲೋಮೀಟರಿಗಿಂತ ಉದ್ದ. ಅಗತ್ತಿ ನಿಲ್ದಾಣ 1988ರಲ್ಲಿ ಶುರುವಾದಾಗ ಅದು ಚಿಕ್ಕ ಡಾರ್ನಿಯರ್ ವಿಮಾನಗಳಿಗಾಗಿ ಕಟ್ಟಿದ್ದು. ದ್ವೀಪದ ದಕ್ಷಿಣದ ತುದಿಯಲ್ಲಿ, ಎರಡೂ ಕಡೆ ಸಮುದ್ರ ಇಟ್ಟುಕೊಂಡು ಪಟ್ಟಿಯ ಹಾಗೆ ಮಲಗಿದೆ. ಪ್ರಯಾಣಿಕರ ದೊಡ್ಡ ಜೆಟ್ ಅಲ್ಲಿ ಇಳಿಯುವಂತಿಲ್ಲ. ಇಳಿಯುವುದು ಎಟಿಆರ್. ಆದರೆ ತುಂಬಿದ ಎಟಿಆರ್‌ಗೆ ಒಂದೇ ಓಟಕ್ಕೆ 1,500 ಕಿಲೋಮೀಟರ್ ಹೋಗುವುದೇ ಹೆಚ್ಚು, ಇನ್ನು 2,243 ದೂರದ ಮಾತು. ಇಳಿಯಬಲ್ಲ ವಿಮಾನ ಅಷ್ಟು ದೂರ ಹೋಗುವುದಿಲ್ಲ, ಅಷ್ಟು ದೂರ ಹೋಗಬಲ್ಲ ವಿಮಾನ ಅಲ್ಲಿ ಇಳಿಯುವುದಿಲ್ಲ. ಹಾಗಾಗಿ ಯಾವುದೇ ಎರಡು ದ್ವೀಪ ನಿಲ್ದಾಣಗಳ ನಡುವಿನ ಹೊತ್ತು ಲೆಕ್ಕ ಹಾಕುವ ಮೊದಲು ಎರಡರ ರನ್‌ವೇ ಉದ್ದ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೆಜ್ಜೆ 5: ನಿಜವಾದ ದಾರಿ

ಹಾಗಾದರೆ ಮುಖ್ಯಭೂಮಿಗೆ ಬಂದೇ ಹೋಗಬೇಕು. ಅಗತ್ತಿಗೆ ತುಂಬಾ ವರ್ಷ ಕೊಚ್ಚಿಯೇ ಬಾಗಿಲು. 2024ರ ಮಾರ್ಚ್ 31ರಿಂದ ಇಂಡಿಗೋ ಬೆಂಗಳೂರಿನಿಂದಲೂ ಎಟಿಆರ್ ಶುರು ಮಾಡಿತು. ನಮ್ಮ ಕಡೆಯವರಿಗೆ ಇದು ದೊಡ್ಡ ಅನುಕೂಲ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಒಮ್ಮೆ, ಅಕ್ಟೋಬರ್ ಕೊನೆಯ ಭಾನುವಾರ ಒಮ್ಮೆ. ಚಿಕ್ಕ ನಿಲ್ದಾಣಗಳ ವಿಮಾನ ಆಗ ನಿಲ್ಲುವುದೂ ಉಂಟು, ವಾರ ಬದಲಾಗುವುದೂ ಉಂಟು. ಆದ್ದರಿಂದ ನಿಮ್ಮ ತಾರೀಕಿಗೆ ವಿಮಾನ ಇದೆಯಾ ಅಂತ ಕಂಪನಿಯ ಜಾಲತಾಣದಲ್ಲೇ ನೋಡಿ, ಹಳೆಯ ಸುದ್ದಿ ನಂಬಬೇಡಿ.

ಬೆಂಗಳೂರಿನ ಮೂಲಕ ಹೋದರೆ ಮೊದಲು ಸುಮಾರು 655 ಕಿ.ಮೀ., ಆಮೇಲೆ 1,640. ಒಟ್ಟು 2,295. ನೇರ ಗೆರೆಗೆ ಹೋಲಿಸಿ. ಜಾಸ್ತಿಯಾಗಿದ್ದು ಬರೀ 50 ಕಿಲೋಮೀಟರ್ ಚಿಲ್ಲರೆ! ಹಾಸನದಿಂದ ಬೇಲೂರಿಗೆ ಹೋಗಿ ಸ್ವಲ್ಪ ಮುಂದೆ ಹೋದಷ್ಟು. ಯಾಕೆಂದರೆ ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಳೆದ ಗೆರೆ ದಕ್ಷಿಣ ಭಾರತವನ್ನು ಅಡ್ಡ ದಾಟಿಯೇ ಹೋಗುತ್ತದೆ, ಬೆಂಗಳೂರು ಆ ಗೆರೆಯಿಂದ ಸ್ವಲ್ಪ ಮೇಲಕ್ಕಿದೆ ಅಷ್ಟೆ. ಕೊಚ್ಚಿ, ಚೆನ್ನೈ ಎರಡೂ ಕಡೆ ಇಳಿದು ಹತ್ತಿದರೂ ಒಟ್ಟು 2,360 ಕಿ.ಮೀ. ದಾಟುವುದಿಲ್ಲ.

ಗಾಳಿಯಲ್ಲಿ ಕಳೆಯುವ ಹೊತ್ತು? ಅಗತ್ತಿ ಬೆಂಗಳೂರು ಒಂದು ಗಂಟೆ ಐವತ್ತು ನಿಮಿಷ, ಬೆಂಗಳೂರು ಪೋರ್ಟ್ ಬ್ಲೇರ್ ಎರಡು ಗಂಟೆ ನಲವತ್ತು ನಿಮಿಷ. ಕೂಡಿದರೆ ನಾಲ್ಕೂವರೆ ಗಂಟೆ. ಇಲ್ಲಿಯವರೆಗೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ?

ಹೆಜ್ಜೆ 6: ಕಾಯುವ ಹೊತ್ತನ್ನು ಸೇರಿಸಿ

ಅಗತ್ತಿಯಲ್ಲಿ ಹಗಲು ಹೊತ್ತಿನ ಹಾರಾಟವೇ. ಪೋರ್ಟ್ ಬ್ಲೇರ್‌ಗೆ ಬೆಂಗಳೂರು, ಚೆನ್ನೈಯಿಂದ ಹೊರಡುವ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ. ಇವೆರಡನ್ನೂ ಜೋಡಿಸಲು ಕೂತರೆ ಕಷ್ಟ ಗೊತ್ತಾಗುತ್ತದೆ. ಉದಾಹರಣೆಗೆ ಅಗತ್ತಿಯಿಂದ ಮಧ್ಯಾಹ್ನ 12ಕ್ಕೆ ಹೊರಟಿರಿ ಅಂತಿಟ್ಟುಕೊಳ್ಳಿ. 1:50ಕ್ಕೆ ಬೆಂಗಳೂರು. ಅಷ್ಟರಲ್ಲಿ ಅವತ್ತಿನ ಪೋರ್ಟ್ ಬ್ಲೇರ್ ವಿಮಾನ ಹೋಗಿ ಆಗಿದೆ. ಮರುದಿನ ಬೆಳಗ್ಗೆ 6:30ರದ್ದು ಹಿಡಿದರೆ 9:10ಕ್ಕೆ ಇಳಿಯುತ್ತೀರಿ. ಅಲ್ಲಿಂದ ಇಲ್ಲಿಗೆ 21 ಗಂಟೆ 10 ನಿಮಿಷ. ಹಾರಿದ್ದು ನಾಲ್ಕೂವರೆ ಗಂಟೆ. ಉಳಿದದ್ದೆಲ್ಲಾ ಕಾದದ್ದು.

ಒಂದೇ ದಿನದಲ್ಲಿ ಜೋಡಣೆ ಸಿಕ್ಕಿತು ಅಂತಿಟ್ಟುಕೊಂಡರೂ ಎರಡು ವಿಷಯ ನೋಡಿ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇವೆಯಾ? ಬೇರೆ ಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾದಾಗ ಎರಡನೆಯದರ ಹಣಕ್ಕೆ ಯಾರೂ ಜವಾಬ್ದಾರರಲ್ಲ. ಬ್ಯಾಗು ಕೂಡ ನೀವೇ ಬೆಲ್ಟಿನಿಂದ ತೆಗೆದು ಮತ್ತೆ ಕೌಂಟರಿನಲ್ಲಿ ಕೊಡಬೇಕು. ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಇನ್ನೊಂದು, ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. ಕಂಪನಿ ಬದಲಾದರೆ ಟರ್ಮಿನಲ್ಲೂ ಬದಲಾಗಬಹುದು. ಬೇರೆ ಬೇರೆ ಟಿಕೆಟ್ಟಿಗೆ ನಡುವೆ ನಾಲ್ಕು ಗಂಟೆಗಿಂತ ಕಮ್ಮಿ ಇಟ್ಟುಕೊಳ್ಳಲು ನಾನಂತೂ ಹೇಳುವುದಿಲ್ಲ.

ದ್ವೀಪದ ಹವಾಮಾನ ಬೇರೆಯೇ ಲೆಕ್ಕ. ಬೆಂಗಳೂರಿನಲ್ಲಿ ಇಳಿಯಲು ಆಗದಿದ್ದರೆ ವಿಮಾನ ಚೆನ್ನೈಗೋ ಇನ್ನೆಲ್ಲಿಗೋ ಹೋಗುತ್ತದೆ. ದ್ವೀಪದ ಪಕ್ಕದಲ್ಲಿ ಹಾಗೆ ಇಳಿಯಲು ಇನ್ನೊಂದು ನಿಲ್ದಾಣ ಇರುವುದಿಲ್ಲ. ಮೋಡ ಕವಿದರೆ, ಗಾಳಿ ಅಡ್ಡ ಬೀಸಿದರೆ ವಿಮಾನ ಬಂದ ದಾರಿಯಲ್ಲೇ ಮುಖ್ಯಭೂಮಿಗೆ ವಾಪಸ್ ಬರುತ್ತದೆ. ಆದ್ದರಿಂದ ದ್ವೀಪದಿಂದ ಹಿಂತಿರುಗಿದ ಮರುದಿನವೇ ಮದುವೆ, ಪರೀಕ್ಷೆ, ಕೋರ್ಟ್ ಕೆಲಸ ಇಟ್ಟುಕೊಳ್ಳಬೇಡಿ. ಒಂದು ದಿನ ಖಾಲಿ ಬಿಡಿ.

ಹೆಜ್ಜೆ 7: ಮನೆಯಿಂದ ನಿಲ್ದಾಣದವರೆಗೆ

ಬೂವನಹಳ್ಳಿ ಹತ್ತಿರ ಹಾಸನದ ವಿಮಾನ ನಿಲ್ದಾಣದ ಕೆಲಸ ವರ್ಷಗಳಿಂದ ನಡೆಯುತ್ತಾ ಬಂದಿದೆ. ಸದ್ಯಕ್ಕೆ ನಮಗೆ ದೇವನಹಳ್ಳಿಯೇ ಗತಿ. ಹಾಸನದಿಂದ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿಕೊಂಡರೆ ಬೆಂಗಳೂರಿನ ಒಳಗೆ ಹೋಗುವುದು ತಪ್ಪುತ್ತದೆ. ನಾಲ್ಕು ಗಂಟೆ ಹಿಡಿಯಿರಿ. ಚಿಕ್ಕಮಗಳೂರಿನವರು ಬೇಲೂರಿನ ಮೇಲೆ ಹಾಸನಕ್ಕೆ ಬರುವುದಾದರೆ ಇನ್ನೊಂದೂವರೆ ಗಂಟೆ ಸೇರಿಸಿ.

ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 6:30ರ ವಿಮಾನಕ್ಕೆ 4:30ಕ್ಕೆ ನಿಲ್ದಾಣದಲ್ಲಿರಬೇಕು. ನಾಲ್ಕು ಗಂಟೆ ದಾರಿ ಕಳೆದರೆ 12:30. ದಾರಿಯಲ್ಲಿ ಒಂದು ಟೀ, ಒಂದು ಪಂಕ್ಚರ್ ಅಂತ ಒಂದು ಗಂಟೆ ಕೈಯಲ್ಲಿಟ್ಟುಕೊಂಡರೆ ರಾತ್ರಿ 11:30ಕ್ಕೆ ಹಾಸನ ಬಿಡಬೇಕು. ಚಿಕ್ಕಮಗಳೂರಾದರೆ ಹತ್ತು ಗಂಟೆಗೆ. ವಯಸ್ಸಾದವರು ಜೊತೆಗಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಹೊರಟು ದೇವನಹಳ್ಳಿ ಕಡೆ ಉಳಿದುಕೊಳ್ಳುವುದು ಒಳ್ಳೆಯದು. ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ಗೆ ಬಂದು ವಾಯು ವಜ್ರ ಹತ್ತಬಹುದು, ಅದಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಮಂಗಳೂರಿಗೆ ಇಳಿದು ಅಲ್ಲಿಂದ ವಿಮಾನ ಹಿಡಿಯುವ ಯೋಚನೆ ಇದ್ದವರು ಮಳೆಗಾಲದಲ್ಲಿ ಶಿರಾಡಿ ಘಾಟಿನ ಸುದ್ದಿ ಕೇಳಿಕೊಂಡೇ ಹೊರಡಿ. ದೋಣಿಗಾಲ್ ಹತ್ತಿರ ರಸ್ತೆ ಕುಸಿದು ವಾಹನ ನಿಂತದ್ದು ಎಲ್ಲರಿಗೂ ನೆನಪಿದೆ.

ಹೆಜ್ಜೆ 8: ಗಡಿಯಾರ ಒಂದು, ಸೂರ್ಯ ಎರಡು

ಅಗತ್ತಿಯಲ್ಲೂ ಪೋರ್ಟ್ ಬ್ಲೇರ್‌ನಲ್ಲೂ ಭಾರತದ ಸಮಯವೇ. ಟಿಕೆಟ್ಟಿನ ಇಳಿಯುವ ಸಮಯದಲ್ಲಿ ಹೊರಡುವ ಸಮಯ ಕಳೆದರೆ ಹಾರಾಟದ ಹೊತ್ತು ಸಿಗುತ್ತದೆ. ಮಾಲ್ಡೀವ್ಸಿನ ಮಾಲೆಗೆ ಹೋಗುವವರು ಮಾತ್ರ ಅರ್ಧ ಗಂಟೆ ಸೇರಿಸಿ ನೋಡಬೇಕು, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದಿದೆ.

ಆದರೆ ಸೂರ್ಯ ಗಡಿಯಾರ ನೋಡುವುದಿಲ್ಲ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. 20.55 ಡಿಗ್ರಿಗೆ 82 ನಿಮಿಷ. ಪೋರ್ಟ್ ಬ್ಲೇರ್‌ನಲ್ಲಿ ಹೊತ್ತು ಹುಟ್ಟುವುದೂ ಮುಳುಗುವುದೂ ಅಗತ್ತಿಗಿಂತ ಸುಮಾರು ಅಷ್ಟು ಮುಂಚೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಹಾಸನದಲ್ಲಿ ಆಗಿನ್ನೂ ಬಿಸಿಲು ಇರುತ್ತದೆ. ಮಧ್ಯಾಹ್ನ ಎರಡಕ್ಕೆ ಇಳಿದು ಸಂಜೆ ಆರರವರೆಗೆ ಸುತ್ತೋಣ ಅಂತ ಹಾಕಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪೋರ್ಟ್ ಬ್ಲೇರ್‌ಗೆ ಬೆಳಗಿನ ವಿಮಾನವೇ ಮೇಲು ಅನ್ನುವುದು ಇದಕ್ಕೇ.

ಹೆಜ್ಜೆ 9: ಯಾವುದು ಮೊದಲು, ಯಾವುದು ಆಮೇಲೆ

ಕಾಲ ಮೊದಲು. ಲಕ್ಷದ್ವೀಪಕ್ಕೆ ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಸರಿ. ಅಂಡಮಾನಿಗೆ ಎರಡೂ ಮಾರುತದ ಮಳೆ ಬೀಳುತ್ತದೆ, ನವೆಂಬರ್‌ವರೆಗೂ ಮಳೆ ಇರುತ್ತದೆ. ಎರಡಕ್ಕೂ ಹೊಂದುವುದು ಜನವರಿಯಿಂದ ಏಪ್ರಿಲ್. ಇದು ನಮ್ಮ ಕಾಫಿ ತೋಟದವರಿಗೆ ಬಿಗಿಯಾದ ಕಾಲ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಹೂ ಮಳೆಯ ಚಿಂತೆ, ಸ್ಪ್ರಿಂಕ್ಲರ್ ಕೆಲಸ. ಆ ನಡುವೆ ಸಿಗುವ ಕೆಲವೇ ದಿನಗಳಿಗೆ ಎರಡು ದ್ವೀಪ ತುರುಕಬೇಡಿ. ಹೇಗಿದ್ದರೂ ಬೆಂಗಳೂರಿಗೆ ಬಂದೇ ಹೋಗಬೇಕು, ದೂರವೂ ಉಳಿಯುವುದಿಲ್ಲ, ಹೊತ್ತೂ ಉಳಿಯುವುದಿಲ್ಲ. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನ್ನೂ ಒಟ್ಟಿಗೆ ಮಾಡಲೇಬೇಕು ಅನ್ನುವವರು ಈ ಕ್ರಮ ಹಿಡಿಯಿರಿ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕು, ಅದಕ್ಕೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಪೋರ್ಟ್ ಬ್ಲೇರ್‌ಗೆ ಹೋಗಲು ನಮಗೆ ಪರ್ಮಿಟ್ ಬೇಡ. ಕಾಗದದ ಕೆಲಸ ಹಳಿಗೆ ಬಂದ ಮೇಲೆ ಅಗತ್ತಿ ಟಿಕೆಟ್ ನೋಡಿ, ಯಾಕೆಂದರೆ ಎಟಿಆರ್‌ನಲ್ಲಿ ಇರುವುದೇ 70ರಿಂದ 78 ಸೀಟು. ಅದೇ ನಿಮ್ಮ ಇಡೀ ಪ್ರವಾಸದ ಕೀಲಿ. ಆ ತಾರೀಕು ಗಟ್ಟಿಯಾದ ಮೇಲೆ ಪೋರ್ಟ್ ಬ್ಲೇರ್ ಟಿಕೆಟ್, ಆಮೇಲೆ ಹೋಟೆಲ್, ಕೊನೆಗೆ ಹಾಸನದಿಂದ ಹೋಗಿಬರುವ ಗಾಡಿ. ಬ್ಯಾಗಿನ ತೂಕದ ಮಿತಿ ಎರಡು ಟಿಕೆಟ್ಟಿನಲ್ಲಿ ಬೇರೆ ಬೇರೆ ಇರಬಹುದು. ಕಡಿಮೆ ಯಾವುದೋ ಅದಕ್ಕೆ ತಕ್ಕಂತೆ ಮನೆಯಲ್ಲೇ ತೂಗಿ ಕಟ್ಟಿ. ಪರ್ಮಿಟ್ಟಿನ ಪ್ರಿಂಟ್, ಆಧಾರ್ ಎರಡನ್ನೂ ಕೈಚೀಲದಲ್ಲಿಟ್ಟುಕೊಳ್ಳಿ, ಕೌಂಟರಿಗೆ ಕೊಡುವ ಬ್ಯಾಗಿನಲ್ಲಲ್ಲ.